ಅಸ್ಪೃಶ್ಯತೆ, ಬಾಲ್ಯವಿವಾಹದ ಬಗ್ಗೆ ಸರ್ವೆ ಮಾಡಿದರೆ ಎಲ್ಲರೂ ‘ನಮ್ಮೂರಾಗ ಅಂಥಾದ್ದೇನ್ ಇಲ್ರಿ’ ಅಂತಾರೆ. ಈ ಉತ್ತರ ನಂಬಬಹುದಾ?

ಕುಷ್ಟಗಿ_ಕಡೆಯವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಮತ್ತು ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ ತಾಲ್ಲೂಕುಗಳಲ್ಲಿ ನಮ್ಮ ಸಂಸ್ಥೆಯಿಂದ ಒಂದು ಅಭಿಪ್ರಾಯ ಸಮೀಕ್ಷೆ ಆಗಬೇಕಿದೆ. 20 ಹಳ್ಳಿ, ಹಳ್ಳಿಗೆ 20 ಮನೆ, ಒಟ್ಟು 400. ವಿಷಯ ಮೂರು: ಬಾಲ್ಯವಿವಾಹ, ಅಸ್ಪೃಶ್ಯತೆ, ಅಂತರ್ಜಾತಿ ಮದುವೆ. ಆಶಾ ಕಾರ್ಯಕರ್ತೆಯರು ಮನೆ ತೋರಿಸ್ತಾರೆ, ನಮ್ಮ ಹುಡುಗರು ಟ್ಯಾಬ್‌ನಲ್ಲಿ ಉತ್ತರ ತುಂಬ್ತಾರೆ.

ಈಗಿರೋ ಪ್ರಶ್ನೆಗಳು ಹೀಗಿವೆ: ‘ಬಾಲ್ಯವಿವಾಹ ತಪ್ಪು ಎಂದು ಒಪ್ಪುತ್ತೀರಾ?’, ‘ನಿಮ್ಮ ಗ್ರಾಮದಲ್ಲಿ ಅಸ್ಪೃಶ್ಯತೆ ಆಚರಣೆಯಲ್ಲಿದೆಯೇ?’, ‘ಅಂತರ್ಜಾತಿ ವಿವಾಹವನ್ನು ಬೆಂಬಲಿಸುತ್ತೀರಾ?’ ಪೂರ್ವಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಠ್ಯಪುಸ್ತಕದ ಉತ್ತರವನ್ನೇ ಕೊಟ್ಟರು. ಅದೇ ಊರುಗಳಲ್ಲಿ ಕೇರಿಯ ಜನ ಹೋಟೆಲ್ ಹೊರಗೆ ನಿಂತು ಚಹಾ ಕುಡಿಯೋದು ಕಣ್ಣಿಗೆ ಕಾಣ್ತದೆ. ಮನೆ ಸಂಖ್ಯೆ 400ರಿಂದ 1000ಕ್ಕೆ ಏರಿಸಿದರೆ ಇದು ಸರಿಹೋಗುತ್ತದೆಯೇ? ವರದಿ ತಾಲ್ಲೂಕು ಪಂಚಾಯಿತಿಗೆ ಹೋಗಬೇಕು. ‘ಇಲ್ಲಿ ಸಮಸ್ಯೆಯೇ ಇಲ್ಲ’ ಅಂತ ಬರೆದುಕೊಟ್ಟರೆ ಅನ್ಯಾಯ ಆಗ್ತದೆ.

---

ಎಡದಂಡೆ_ಓದುಗ:

ಸಂಖ್ಯೆ ಏರಿಸಿದರೆ ಸರಿಹೋಗಲ್ಲ ಸರ್. 400 ಜನ ಹೇಳಿದ ಸುಳ್ಳನ್ನೇ 1000 ಜನ ಹೇಳ್ತಾರೆ. ದೋಷದ ಮಿತಿ (ನಿಜ ಸಂಖ್ಯೆ ನಮ್ಮ ಶೇಕಡಾಕ್ಕಿಂತ ಎಷ್ಟು ಅಂಶ ಆಚೀಚೆ ಇರಬಹುದು ಅನ್ನೋದು) ಸುಮಾರು ±4.9ರಿಂದ ±3.1ಕ್ಕೆ ಇಳಿದಾಗ ತಪ್ಪು ಉತ್ತರವೇ ಇನ್ನಷ್ಟು ಖಚಿತವಾಗಿ ಕಾಣುತ್ತದೆ, ಅಷ್ಟೇ. 1936ರ ಅಮೆರಿಕದ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ತಾರೆ ಅಂತ ಬರೆಯಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಯಾರು ಕೈಗೆ ಸಿಕ್ಕರು, ಅವರಲ್ಲಿ ಯಾರು ಉತ್ತರ ಬರೆದರು ಅನ್ನೋದರಲ್ಲೇ ಅವರ ಲೆಕ್ಕ ಕೆಟ್ಟಿತ್ತು.

ನಿಮ್ಮ ಯೋಜನೆಯಲ್ಲೂ ಆ ತೊಡಕು ಇದೆ. ಮೊದಲು ಹಳ್ಳಿಗಳ ಸಂಖ್ಯೆ ನೋಡಿ. ಒಂದೇ ಊರಿನ 20 ಮನೆಯವರ ಉತ್ತರ ಒಂದರಂತೆ ಒಂದಿರುತ್ತೆ. ಆ ಹೋಲಿಕೆಯ ಪ್ರಮಾಣ (ಸೊನ್ನೆ ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರದ್ದೂ ಒಂದೇ ಉತ್ತರ) 0.05 ಅಂತ ಹಿಡಿದರೂ, ಒಂದು ಮನೆಗೆ ಉಳಿದ 19 ಮನೆಯ ಹೋಲಿಕೆ ಸೇರಿಸಿ 1 + 19 × 0.05 = 1.95. 400ನ್ನು ಇದರಿಂದ ಭಾಗಿಸಬೇಕು. ಅಂದರೆ ನಿಮ್ಮ 400 ಮನೆಯ ತೂಕ ಸುಮಾರು 205 ಮನೆಯಷ್ಟೇ, ದೋಷದ ಮಿತಿ ±6.8. ಅದೇ 400 ಮನೆಯನ್ನು 40 ಹಳ್ಳಿಗೆ 10ರಂತೆ ಹಂಚಿದರೆ 1 + 9 × 0.05 = 1.45ರಿಂದ ಭಾಗಿಸಿ ಸುಮಾರು 276 ಆಗುತ್ತೆ, ಮಿತಿ ±5.9ಕ್ಕೆ ಇಳಿಯುತ್ತೆ. ಅಸ್ಪೃಶ್ಯತೆಗೆ ಬಂದರೆ ಆ ಹೋಲಿಕೆ 0.05ಕ್ಕಿಂತ ಹೆಚ್ಚೇ ಇರುತ್ತೆ, ಯಾಕಂದರೆ ಊರ ಕಟ್ಟಳೆ ಊರಿಗೆಲ್ಲ ಒಂದೇ. ಡೀಸೆಲ್ ಖರ್ಚು ಹೆಚ್ಚಾದರೂ ಹಳ್ಳಿ ಹೆಚ್ಚಿಸಿ, ಮನೆ ಹೆಚ್ಚಿಸಬೇಡಿ.

ಮನೆ ಆರಿಸೋದನ್ನು ಆಶಾ ಅಕ್ಕನಿಗಾಗಲಿ, ನಿಮ್ಮ ಹುಡುಗರಿಗಾಗಲಿ ಬಿಡಬೇಡಿ. ಬಿಟ್ಟರೆ ಬಸ್ ಸ್ಟ್ಯಾಂಡ್, ಪಂಚಾಯಿತಿ ಕಟ್ಟೆ, ದೊಡ್ಡ ಓಣಿ ಮುಗಿಯೋದರೊಳಗೆ 20 ಮನೆ ತುಂಬಿರುತ್ತೆ. ಕೇರಿ, ತಾಂಡಾ, ಸಿಂಧನೂರು-ಮಾನ್ವಿ ಕಡೆಯ ಕ್ಯಾಂಪುಗಳು (ಕಾಲುವೆ ನೀರಾವರಿಗೆ ಬಂದು ನೆಲೆಸಿದವರ ವಸತಿಗಳು) ಹೊರಗೇ ಉಳೀತವೆ. ಮತದಾರರ ಪಟ್ಟಿ ಹಿಡಿದು ಲೆಕ್ಕ ಹಾಕಿ: 900 ಹೆಸರು, 20 ಬೇಕು, ಅಂತರ 45. 1ರಿಂದ 45ರೊಳಗೆ ಒಂದು ಚೀಟಿ ಎತ್ತಿ. 17 ಬಂದರೆ 17, 62, 107 ಹೀಗೆ ಹೋಗಿ.

ಆದರೆ ಬಾಲ್ಯವಿವಾಹಕ್ಕೆ ಈ ಪಟ್ಟಿ ನಡೆಯಲ್ಲ. ಲಗ್ನ ಆಗಿ ಬಂದ 20–24ರ ಸೊಸೆಯಂದಿರ ಹೆಸರು ಎಷ್ಟೋ ಸಲ ತವರೂರಿನ ಪಟ್ಟಿಯಲ್ಲೇ ಇರುತ್ತೆ. ನಿಮಗೆ ಬೇಕಾದವರು ಅವರೇ. ಅದಕ್ಕೆ ಊರಿನ ಮನೆಗಳನ್ನೆಲ್ಲ ನೀವೇ ಬರೆದುಕೊಂಡು, ಆ ಪಟ್ಟಿಯಿಂದ ಆರಿಸಬೇಕು.

ಕಾಲವನ್ನೂ ನೋಡಿಕೊಳ್ಳಿ. ಕುಷ್ಟಗಿ, ಯಲಬುರ್ಗಾದ ಖುಷ್ಕಿ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋದ ಮನೆಗಳಿಗೆ ಬೀಗ ಇರುತ್ತೆ. ತುಂಗಭದ್ರಾ ಎಡದಂಡೆ ಕಾಲುವೆ ಊರುಗಳಲ್ಲಿ ನಾಟಿ ವೇಳೆಗೆ ಕೂಲಿ ಹೆಣ್ಮಕ್ಕಳು ಬೆಳಗ್ಗೆಯೇ ಗದ್ದೆಯಲ್ಲಿರ್ತಾರೆ. ಹಗಲು ಹೊತ್ತಲ್ಲಿ ಹೋದರೆ ಸಿಗೋದು ಮುದುಕರು, ಅಂಗಡಿಯವರು, ಜಮೀನಿದ್ದವರು. ಆರಿಸಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ, ಸಿಗದಿದ್ದರೆ ‘ಸಿಗಲಿಲ್ಲ’ ಅಂತಲೇ ಬರೀರಿ. ಪಕ್ಕದ ಮನೆ ಹಿಡಿದು ಲೆಕ್ಕ ತುಂಬಿಸಬೇಡಿ.

---

ಮಾನ್ವಿ_ಮೇಡಂ:

ಎಡದಂಡೆಯವರು ಹೇಳಿದ್ದು ಯಾರನ್ನು ಕೇಳಬೇಕು ಅನ್ನೋದು. ಹೇಗೆ ಕೇಳಬೇಕು ಅನ್ನೋದರಲ್ಲಿ ಇನ್ನೂ ದೊಡ್ಡ ಹೊಂಡ ಇದೆ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡು, ಕೇಳಿಸಿಕೊಳ್ಳೋರ ಕಿವಿಗೆ ಪೊಲೀಸ್ ಪ್ರಶ್ನೆಗಳೇ. ಕರ್ನಾಟಕದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಮಾಡಿಸಿದವರಿಗೆ ಶಿಕ್ಷೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ 2014ರ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ವಿಧಿಸಿತು. ಹೀಗಿರುವಾಗ ಟ್ಯಾಬ್ ಹಿಡಿದು ಬಂದ ಅಪರಿಚಿತ ‘ನಿಮ್ಮೂರಲ್ಲಿ ಅಸ್ಪೃಶ್ಯತೆ ಇದೆಯೇ’ ಅಂದರೆ ‘ಇಲ್ರಿ’ ಅನ್ನೋದು ಅಭಿಪ್ರಾಯವಲ್ಲ, ರಕ್ಷಣೆ. ಜೊತೆಗೆ ಆಶಾ ಅಕ್ಕ ಇದ್ದರೆ ಸರ್ಕಾರವೇ ಬಾಗಿಲಿಗೆ ಬಂದಂಗೆ. ಅವರು ಓಣಿ ತೋರಿಸಿ ಹೊರಟುಹೋಗಲಿ.

‘ಅಸ್ಪೃಶ್ಯತೆ’, ‘ಬಾಲ್ಯವಿವಾಹ’ ಅನ್ನೋ ಪದಗಳನ್ನೇ ತೆಗೆದುಹಾಕಿ. ಅವು ಭಾಷಣದ ಪದಗಳು, ಕೇಳಿದ ಕೂಡಲೇ ಭಾಷಣದ ಉತ್ತರ ಬರುತ್ತೆ. ನಡೆಯೋ ಸಂಗತಿಯನ್ನೇ ಕೇಳಿ: ‘ನಿಮ್ಮೂರ ಹೋಟೆಲ್‌ನ್ಯಾಗ ಕೇರಿ ಮಂದಿ ಒಳಗ ಬೆಂಚಿನ ಮ್ಯಾಲೆ ಕುಂತು ಚಾ ಕುಡೀತಾರನ್ರಿ, ಹೊರಗ ನಿಂತು ಕುಡೀತಾರನ್ರಿ?’, ‘ಕುಡದ ಗ್ಲಾಸ್ ಯಾರು ತೊಳೀತಾರ?’ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಎರಡು ಹಂತದಲ್ಲಿ ಕೇಳಿದ್ದರು. ಮೊದಲು ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಪಾಲಿಸ್ತಾರಾ ಅಂತ. ಇಲ್ಲ ಅಂದವರಿಗೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ಪಾತ್ರೆ ಮುಟ್ಟಿದರೆ ತೊಂದರೆ ಇದೆಯಾ ಅಂತ. ಮೊದಲನೇದಕ್ಕೆ ಇಲ್ಲ ಅಂದವರಲ್ಲೂ ಕೆಲವರು ಎರಡನೇದಕ್ಕೆ ಹೌದು ಅಂದರು. ಎರಡೂ ಸೇರಿ ದೇಶದಲ್ಲಿ ಶೇ. 27 ಮನೆಗಳು. ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ ಅಷ್ಟೂ ಜನ ಸಿಗ್ತಿರಲಿಲ್ಲ.

‘ಒಪ್ಪುತ್ತೀರಾ’ ಅನ್ನೋ ರೂಪವನ್ನೂ ಬಿಡಿ. ಓದಿದಂಗೆ ಕಾಣೋ ಹುಡುಗ ಎದುರಿಗೆ ಕೂತು ಕೇಳಿದರೆ ನಮ್ಮ ಕಡೆ ಮರ್ಯಾದೆಗಾದರೂ ‘ಹೌದ್ರಿ’ ಅಂತಾರೆ. ಎರಡು ಮಾತನ್ನೂ ಸಮನಾಗಿ ಮುಂದಿಡಿ: ‘ಕೆಲವರು ಅಂತಾರ, ಹುಡುಗಿ ದೊಡ್ಡಾಕಿ ಆದ ಮ್ಯಾಲೆ ಲಗೂನ ಲಗ್ನ ಮಾಡಿದ್ರ ತಾಯಿ-ತಂದಿಗೆ ನಿಶ್ಚಿಂತಿ. ಇನ್ನ ಕೆಲವರು ಅಂತಾರ, ಪಿಯುಸಿ ಮುಗಿಯೋತನಕರ ತಡೀಬೇಕು. ನಿಮಗ ಯಾವುದು ಸರಿ ಅನಸ್ತದ?’ ಅರ್ಧ ಮನೆಗಳಲ್ಲಿ ಮೊದಲನೇ ಮಾತು ಮುಂಚೆ, ಇನ್ನರ್ಧದಲ್ಲಿ ಎರಡನೇದು ಮುಂಚೆ.

ಪ್ರಶ್ನೆಗಳ ಸಾಲೂ ಉತ್ತರ ತಿರುಗಿಸುತ್ತೆ. 1948ರಲ್ಲಿ ಅಮೆರಿಕನ್ನರಿಗೆ ‘ಕಮ್ಯುನಿಸ್ಟ್ ದೇಶದ ಪತ್ರಕರ್ತರು ಇಲ್ಲಿಗೆ ಬಂದು ಸುದ್ದಿ ಕಳಿಸಬಹುದಾ’ ಅಂತ ನೇರವಾಗಿ ಕೇಳಿದಾಗ ಶೇ. 36 ಹೌದು ಅಂದರು. ‘ನಮ್ಮ ಪತ್ರಕರ್ತರು ರಷ್ಯಾಕ್ಕೆ ಹೋಗಬಹುದಾ’ ಅಂತ ಮೊದಲು ಕೇಳಿ ಆಮೇಲೆ ಅದನ್ನೇ ಕೇಳಿದಾಗ ಶೇ. 73. ನೀವು ಜಾತಿ ಕಾಲಂ ಮೊದಲು ತುಂಬಿಸಿ ಆಮೇಲೆ ಅಂತರ್ಜಾತಿ ಮದುವೆ ಕೇಳಿದರೆ, ಅವರು ತಮ್ಮ ಸಮಾಜದ ಪರವಾಗಿ ಉತ್ತರ ಕೊಡ್ತಾರೆ. ಜಾತಿ, ಅಡ್ಡಹೆಸರು ಕೊನೆಯ ಪುಟಕ್ಕೆ ಹಾಕಿ. ಕೇಳೋ ಹುಡುಗರ ಅಡ್ಡಹೆಸರನ್ನೂ ಜನ ಮೊದಲೇ ವಿಚಾರಿಸ್ತಾರೆ. ಅದರ ಮೇಲೂ ಉತ್ತರ ಬದಲಾಗುತ್ತೆ. ಯಾವ ಮನೆಯಲ್ಲಿ ಯಾರು ಕೇಳಿದರು ಅನ್ನೋ ಕೋಡ್ ಪ್ರತಿ ನಮೂನೆಯಲ್ಲೂ ಇರಲಿ.

ಬಾಲ್ಯವಿವಾಹಕ್ಕೆ ಅಭಿಪ್ರಾಯವೇ ಬೇಡ ಅಂತೀನಿ. 20–24 ವಯಸ್ಸಿನ ಹೆಣ್ಮಕ್ಕಳ ಹುಟ್ಟಿದ ವರ್ಷ, ಲಗ್ನದ ವರ್ಷ ಬೇರೆ ಬೇರೆ ಪುಟದಲ್ಲಿ ಕೇಳಿ, ವಯಸ್ಸು ನೀವು ಕಳೆದು ತೆಗೀರಿ. ವಿಶ್ವಸಂಸ್ಥೆಯ ಸೂಚ್ಯಂಕವೂ ಇದೇ ವಯೋಮಾನದ್ದು, ಯಾಕಂದರೆ ಇವರಿಗೆ 18 ದಾಟಿ ಆಗಿದೆ, ಲಗ್ನದ ನೆನಪೂ ಹಳತಾಗಿಲ್ಲ. ‘ಲಗ್ನ ಆದಾಗ ಎಷ್ಟು ವಯಸ್ಸು’ ಅಂತ ಕೇಳಿದರೆ ಬಾಯಿಪಾಠದ 18 ಬರುತ್ತೆ. ವರ್ಷ ನೆನಪಾಗದಿದ್ದರೆ ನೋಟು ರದ್ದಾದ 2016, ಲಾಕ್‌ಡೌನಿನ 2020 ಇಟ್ಟು ಹಿಂದೆ-ಮುಂದೆ ಕೇಳಿ. ಶಾಲೆಯ ಟಿಸಿ, ತಾಯಿ ಕಾರ್ಡ್ ಇದ್ದರೆ ತಾಳೆ ನೋಡಿ. ಆಮೇಲೆ ವಯಸ್ಸುಗಳ ಪಟ್ಟಿ ಮಾಡಿ. 16, 17 ಖಾಲಿ ಇದ್ದು 18ರಲ್ಲಿ ಗುಡ್ಡದಷ್ಟು ಎದ್ದಿದ್ದರೆ ಉತ್ತರ ತಿದ್ದಿ ಹೇಳಿರಬಹುದು ಅಂತ ಅನುಮಾನ ಪಡಬೇಕು.

---

ಕುಷ್ಟಗಿ_ಕಡೆಯವ:

ಮೇಡಂ, ಎಡದಂಡೆ ಸರ್, ಬಹಳ ಉಪಕಾರ. ಹೋಟೆಲ್ ಪ್ರಶ್ನೆ ಹಾಗೇ ತಗೋತೀವಿ. ಇನ್ನೊಂದು: ಉತ್ತರ ಯಾರದ್ದು ಅಂತ ಕೇಳೋರಿಗೂ ಗೊತ್ತಾಗದ ಹಾಗೆ ಕೇಳೋ ವಿಧಾನಗಳಿವೆ ಅಂತಾರಲ್ಲ, ದಾಳ ಹಾಕಿಸೋದು, ಪಟ್ಟಿ ಎಣಿಸೋದು. ಓದು ಬರದವರ ಹತ್ತಿರ ಅವು ನಡೀತವಾ?

---

ಬಳ್ಳಾರಿ_ಅಂಕಿಅಂಶ:

ನಡೀತವೆ, ಆದರೆ ಬೆಲೆ ತೆರಬೇಕು. ಲೆಕ್ಕ ಸಮೇತ ಹೇಳ್ತೀನಿ.

ದಾಳದ ವಿಧಾನದ ಮೂಲ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಬರೆದ ಲೇಖನ. ಈಗ ಹೆಚ್ಚು ಬಳಕೆಯಲ್ಲಿರೋ ರೂಪ ಇದು. ಮುಚ್ಚಳ ಇರೋ ಸ್ಟೀಲ್ ಡಬ್ಬಿಯಲ್ಲಿ ಒಂದು ದಾಳ ಹಾಕಿ ಅವರ ಕೈಗೆ ಕೊಡಿ. ಅವರೇ ಅಲುಗಾಡಿಸಿ, ಅವರೊಬ್ಬರೇ ನೋಡಬೇಕು. 1 ಬಿದ್ದರೆ ನಿಜ ಏನೇ ಇರಲಿ ‘ಹೌದು’ ಅನ್ನಬೇಕು. 6 ಬಿದ್ದರೆ ‘ಇಲ್ಲ’ ಅನ್ನಬೇಕು. 2ರಿಂದ 5 ಬಿದ್ದರೆ ನಿಜ ಹೇಳಬೇಕು. ಒಬ್ಬರು ‘ಹೌದು’ ಅಂದರೆ ಅದು ದಾಳದ ಹೌದೋ ಮನೆಯ ಹೌದೋ ನಿಮಗೆ ತಿಳಿಯಲ್ಲ. ಗುಂಪಿನ ಲೆಕ್ಕ ಮಾತ್ರ ಸಿಗುತ್ತೆ.

ಉದಾಹರಣೆಗೆ 400ರಲ್ಲಿ 150 ಜನ ‘ಹೌದು’ ಅಂದರು ಅನ್ನಿ, ಅಂದರೆ 0.375. ಅದರಿಂದ ದಾಳದ ಪಾಲು 1/6 (0.167) ಕಳೆದರೆ 0.208. ಅದನ್ನು 4/6ರಿಂದ ಭಾಗಿಸಿದರೆ 0.3125, ಅಂದರೆ ಶೇ. 31. ದೋಷದ ಮಿತಿ ±7.1. ನೇರವಾಗಿ ಕೇಳಿ ಎಲ್ಲರೂ ನಿಜ ಹೇಳಿದ್ದರೆ ಅದು ±4.5 ಇರ್ತಿತ್ತು. ಅದೇ ನಿಖರತೆ ಬೇಕಂದರೆ ಹತ್ತಿರಹತ್ತಿರ ಎರಡೂವರೆ ಪಟ್ಟು ಜನ ಬೇಕು. ಹಳ್ಳಿಯ ಹೋಲಿಕೆಯ ಲೆಕ್ಕ ಇದರಲ್ಲಿ ಇನ್ನೂ ಸೇರಿಲ್ಲ.

ಇದು ಕೆಡೋದು ಒಂದು ಕಡೆ: 1 ಬಿದ್ದವರು ತಾವು ಮಾಡದ್ದಕ್ಕೆ ‘ಹೌದು’ ಅನ್ನೋಕೆ ಒಪ್ಪಲ್ಲ. ‘ಸುಳ್ಳ ಯಾಕ ಹೇಳ್ಲಿ’ ಅಂತ ‘ಇಲ್ಲ’ ಅಂದುಬಿಡ್ತಾರೆ. ಹಾಗಾದಾಗ ಅಂದಾಜು ಕೆಳಗೆ ಬೀಳುತ್ತೆ. ‘ಹೌದು’ ಅಂದವರು ಆರನೇ ಒಂದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಅಲ್ಲಿಗೆ ನಿಯಮ ಪಾಲಿಸಿಲ್ಲ ಅನ್ನೋದು ಖಾತ್ರಿ. ಅದಕ್ಕೆ ಮೊದಲು ‘ಈ ಹೊತ್ತು ಚಾ ಕುಡದೀರೇನು’ ಅನ್ನೋಂಥ ನಿರಪಾಯದ ಪ್ರಶ್ನೆ ಇಟ್ಟು ಎರಡು ಮೂರು ಸುತ್ತು ಆಡಿಸಿ. ನಿಮ್ಮ ಹುಡುಗರೇ ದಾಳ ಹಾಕಿ ಅವರಿಗೆ ತೋರಿಸದೆ ಉತ್ತರ ಹೇಳಲಿ, ‘ಈಗ ನಂದು ಖರೇನೋ ದಾಳದ್ದೋ ಹೇಳ್ರಿ ನೋಡೂಣು’ ಅಂತ ಕೇಳಲಿ. ಆಗ ಗುಟ್ಟು ಹೇಗೆ ಉಳಿಯುತ್ತೆ ಅನ್ನೋದು ಮನಸ್ಸಿಗೆ ಹತ್ತುತ್ತೆ.

ಪಟ್ಟಿ ಎಣಿಸೋ ವಿಧಾನದಲ್ಲಿ ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡ್ತಾರೆ. ಒಂದು ಗುಂಪಿಗೆ ನಾಲ್ಕು ಸಾಮಾನ್ಯ ಮಾತು, ಇನ್ನೊಂದಕ್ಕೆ ಅವೇ ನಾಲ್ಕರ ಜೊತೆ ಸೂಕ್ಷ್ಮವಾದ ಐದನೇದು. ಯಾವ್ಯಾವುದು ಅಂತ ಹೇಳಬೇಕಿಲ್ಲ, ಎಷ್ಟು ನಿಮಗೆ ಅನ್ವಯಿಸ್ತವೆ ಅಂತ ಸಂಖ್ಯೆ ಮಾತ್ರ. ಸರಾಸರಿಗಳ ವ್ಯತ್ಯಾಸವೇ ಉತ್ತರ: 2.10 ಮತ್ತು 2.35 ಬಂದರೆ ಶೇ. 25. ಎಣಿಕೆ ಬರದವರಿಗೆ ಐದು ಹುಣಸೆಬೀಜ ಕೊಡಿ. ಅನ್ವಯಿಸೋ ಪ್ರತಿ ಮಾತಿಗೆ ಒಂದು ಬೀಜ ಬೆನ್ನ ಹಿಂದೆ ಎಡಗೈಯಿಂದ ಬಲಗೈಗೆ ಹಾಕಿಕೊಳ್ಳಲಿ, ಕೊನೆಗೆ ಬಲಗೈ ತೆರೆದು ತೋರಿಸಲಿ.

ನಾಲ್ಕು ಮಾತುಗಳ ಆಯ್ಕೆ ಮುಖ್ಯ. ಹೆಚ್ಚುಕಡಿಮೆ ಎಲ್ಲರಿಗೂ ಅನ್ವಯಿಸೋದು ಒಂದು (‘ಮನ್ಯಾಗ ರೇಷನ್ ಕಾರ್ಡ್ ಅದ’), ಯಾರಿಗೂ ಅನ್ವಯಿಸದ್ದು ಒಂದು (‘ವಿಮಾನದಾಗ ಹೋಗೀನಿ’), ನಡುವಿನವು ಎರಡು (‘ಹುಲಿಗೆಮ್ಮನ ಜಾತ್ರಿಗೆ ಹೋಗಿದ್ದೆ’, ‘ಮನ್ಯಾಗ ಎಮ್ಮಿ ಅದ’). ನಾಲ್ಕೂ ಎಲ್ಲರಿಗೂ ಅನ್ವಯಿಸೋ ಹಾಗಿದ್ದರೆ ಐದನೇದು ಒಪ್ಪಿದವರು ‘ಐದು’ ಅಂತ ತೋರಿಸಬೇಕಾಗುತ್ತೆ, ಗುಟ್ಟು ಅಲ್ಲೇ ರಟ್ಟು.

ಬೆಲೆ ನೋಡಿ: ಗುಂಪಿಗೆ 400ರಂತೆ 800 ಜನ, ಎಣಿಕೆಯ ಹರಡಿಕೆ (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) 1 ಅಂತ ಹಿಡಿದರೆ ದೋಷದ ಮಿತಿ ±14. ಶೇ. 25 ಅನ್ನೋದು 11 ಇರಬಹುದು, 39 ಇರಬಹುದು. ಹಾಗಾಗಿ 400 ಮನೆಗೆ ಪಟ್ಟಿ ಬೇಡ. ದಾಳವನ್ನು ಒಂದೇ ಒಂದು ಪ್ರಶ್ನೆಗೆ ಇಟ್ಟುಕೊಳ್ಳಿ.

---

ಸಿರುಗುಪ್ಪ_ಎನ್:

ದಾಳದ ಬಗ್ಗೆ ನನಗೆ ತಕರಾರಿದೆ. ತಂತ್ರದಲ್ಲಿ ತಪ್ಪಿಲ್ಲ. ಆದರೆ ಅದು ಅಳೆಯೋದೂ ಬಾಯಿಮಾತನ್ನೇ. ಅಸ್ಪೃಶ್ಯತೆಯಂಥದ್ದು ಬಯಲಲ್ಲಿ ನಡೆಯೋ ಸಂಗತಿ, ಅದನ್ನು ನೋಡಿ ಎಣಿಸೋಕೆ ಬರುತ್ತೆ.

ಮಾತು-ನಡತೆ ಎಷ್ಟು ದೂರ ಇರ್ತವೆ ಅನ್ನೋದಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1934ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಬ್ಬ ಚೀನೀ ದಂಪತಿ ಜೊತೆ ಅಮೆರಿಕ ಸುತ್ತಿ 250ರಷ್ಟು ಹೋಟೆಲ್, ಊಟದ ಮನೆಗಳಿಗೆ ಹೋದರು. ಒಂದೇ ಒಂದು ಕಡೆ ಮಾತ್ರ ಸೇರಿಸಲಿಲ್ಲ. ಆರು ತಿಂಗಳ ಮೇಲೆ ಅದೇ ಜಾಗಗಳಿಗೆ ಪತ್ರ ಬರೆದು ‘ಚೀನೀಯರನ್ನು ಸೇರಿಸ್ತೀರಾ’ ಅಂತ ಕೇಳಿದರೆ ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ‘ಇಲ್ಲ’. ಪತ್ರಕ್ಕೆ ಉತ್ತರ ಬರೆದವರೂ ಗಲ್ಲಾದಲ್ಲಿ ಕೂತವರೂ ಒಬ್ಬರೇ ಆಗಿರಬೇಕಿಲ್ಲ ಅನ್ನೋ ಆಕ್ಷೇಪ ಸರಿಯೇ. ಜೊತೆಗೆ ಒಬ್ಬ ಬಿಳಿಯ ಇದ್ದದ್ದೂ ಸತ್ಕಾರವನ್ನು ಬದಲಿಸಿರಬಹುದು. ಆದರೂ ಅಲ್ಲಿ ಮಾತು ಕಟು, ನಡತೆ ಮೆದು. ನಿಮ್ಮ ಹಳ್ಳಿಗಳಲ್ಲಿ ಅದು ಉಲ್ಟಾ ಇದೆ.

ಆದ್ದರಿಂದ ಪ್ರತಿ ಹಳ್ಳಿಗೆ ಒಂದು ವೀಕ್ಷಣೆ ಹಾಳೆ ಮಾಡಿ. ಹೋಟೆಲ್, ಕ್ಷೌರದಂಗಡಿ, ಗುಡಿಯ ಹೊಸ್ತಿಲು, ಶುದ್ಧ ನೀರಿನ ಘಟಕ, ಶಾಲೆಯ ಬಿಸಿಯೂಟದ ಸಾಲು. ಹೋಟೆಲ್‌ನಲ್ಲಿ ಗ್ಲಾಸ್ ಒಂದನ್ನೇ ನೋಡಿದರೆ ಮೋಸ ಹೋಗ್ತೀರಿ. ಎಲ್ಲರಿಗೂ ಪೇಪರ್ ಕಪ್ ಕೊಡೋ ಕಡೆ ಬೇರೆ ಗ್ಲಾಸ್ ಕಣ್ಣಿಗೆ ಬೀಳಲ್ಲ. ನೀರಿನ ಜಗ್ಗು ಯಾರ ಕೈಗೆ ಕೊಡ್ತಾರೆ, ಯಾರಿಗೆ ಮೇಲಿಂದ ಹನಿಸ್ತಾರೆ, ದುಡ್ಡು ಕೈಯಲ್ಲಿ ತಗೋತಾರೋ ಗಲ್ಲಾದ ಮೇಲೆ ಇಡು ಅಂತಾರೋ, ಅದನ್ನು ನೋಡಿ. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ಬರೆದುಕೊಳ್ಳೋದು ಹೊರಬಂದ ಮೇಲೆ.

ಆಮೇಲೆ ಅದೇ ಪ್ರಶ್ನೆಗಳನ್ನು ಕೇರಿಯಲ್ಲೂ ಊರೊಳಗೂ ಕೇಳಿ. ಎರಡನ್ನೂ ಕೂಡಿಸಿ ಒಂದು ಶೇಕಡಾ ಮಾಡಬೇಡಿ. ಊರೊಳಗಿನವರೇ ಸಂಖ್ಯೆಯಲ್ಲಿ ಹೆಚ್ಚಿರೋದರಿಂದ ಕೇರಿಯ ಉತ್ತರ ಅದರಲ್ಲಿ ಮುಳುಗಿಹೋಗುತ್ತೆ. ‘ಹೊರಗ ನಿಂತು ಕುಡೀತೀವಿ’ ಅಂದವರು ಕೇರಿಯಲ್ಲಿ ಎಷ್ಟು, ‘ಒಳಗ ಕುಂತು ಕುಡೀತಾರ’ ಅಂದವರು ಊರೊಳಗೆ ಎಷ್ಟು, ಪಕ್ಕಪಕ್ಕ ಇಡಿ. ತಾಲ್ಲೂಕು ಪಂಚಾಯಿತಿ ಮುಂದಿಡಬೇಕಾದ್ದು ಆ ಅಂತರವನ್ನೇ.

---

ಮಾನ್ವಿ_ಮೇಡಂ:

ಸಿರುಗುಪ್ಪದವರ ಮಾತು ಹೋಟೆಲ್‌ಗೆ ಪೂರ್ತಿ ಒಪ್ಪಿಗೆ. ಮನೆಯೊಳಗಿನ ವಿಷಯಕ್ಕೆ ವೀಕ್ಷಣೆ ಸಾಧ್ಯವಿಲ್ಲ, ಅಲ್ಲಿ ಮಾತೇ ಗತಿ.

ವರದಿ ಬರೆಯೋವಾಗ ಎರಡು ಕಡೆ ಎಚ್ಚರ ಬೇಕು. ಒಂದು, ಸುಮ್ಮನಿದ್ದವರನ್ನು ಲೆಕ್ಕದಿಂದ ಬಿಡೋದು. 100ರಲ್ಲಿ 40 ಹೌದು, 30 ಇಲ್ಲ, 30 ‘ಏನ್ ಹೇಳಬೇಕ್ರಿ’ ಅಂತ ಎದ್ದುಹೋದರೆ, ಆ 30 ಬಿಟ್ಟು ‘ಶೇ. 57 ಜನರ ಬೆಂಬಲ’ ಅಂತ ಬರೆಯೋದು ಸುಳ್ಳು. ಸೂಕ್ಷ್ಮ ವಿಷಯದಲ್ಲಿ ಮೌನ ಎಲ್ಲ ಕಡೆ ಸಮನಾಗಿ ಹಂಚಿರಲ್ಲ, ಭಯ ಇದ್ದಲ್ಲಿ ಹೆಚ್ಚಿರುತ್ತೆ.

ಎರಡು, ಹಳೆ ಸಂಖ್ಯೆಯ ಪಕ್ಕ ಹೊಸ ಸಂಖ್ಯೆ ಇಟ್ಟು ‘ಏರಿತು, ಇಳಿಯಿತು’ ಅನ್ನೋದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಕರ್ನಾಟಕದ ಮಹಿಳೆಯರು 2015-16ರಲ್ಲಿ ಶೇ. 20.6, 2019-21ರ ಸುತ್ತಿನಲ್ಲಿ ಶೇ. 44.4. ಹೊಡೆತವೇ ಎರಡು ಪಟ್ಟಾಯಿತೋ, ಹೇಳಿಕೊಳ್ಳೋ ಧೈರ್ಯ ಬಂತೋ, ಕೇಳಿದ ಹೆಣ್ಮಕ್ಕಳ ತರಬೇತಿ ಬದಲಾಯಿತೋ, ಈ ಎರಡು ಸಂಖ್ಯೆಗಳಷ್ಟೇ ಇದಕ್ಕೆ ಉತ್ತರ ಕೊಡಲ್ಲ. ನಿಮ್ಮ ಸರ್ವೆಯಲ್ಲಿ ಸಂಖ್ಯೆ ಹಿಂದಿಗಿಂತ ಹೆಚ್ಚು ಬಂದರೆ ಊರು ಕೆಟ್ಟಿತು ಅಂತ ಬರೆಯೋ ಮುಂಚೆ ಕೇಳಿದ ರೀತಿ ಬದಲಾಗಿದೆಯಾ ನೋಡಿ.

ಅದೇ ಸಮೀಕ್ಷೆಯಿಂದ ಒಂದು ಶಿಸ್ತು ತಗೊಳ್ಳಿ. ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಣ್ಮಗಳಿಗೆ ಮಾತ್ರ, ಏಕಾಂತ ಸಿಕ್ಕರೆ ಮಾತ್ರ ಕೇಳ್ತಾರೆ. ನೀವೂ ಹೆಣ್ಮಕ್ಕಳಿಗೆ ಹೆಣ್ಮಕ್ಕಳನ್ನೇ ಕಳಿಸಿ, ಇಬ್ಬಿಬ್ಬರಂತೆ. ಅತ್ತೆಯೋ ನೆಗೆಣ್ಣಿಯೋ ಬಂದು ಕೂತರೆ ಒಬ್ಬರು ಅವರನ್ನು ಪಡಸಾಲೆಯಲ್ಲಿ ರೇಷನ್, ನೀರಿನ ಪ್ರಶ್ನೆ ಕೇಳ್ತಾ ಕೂರಿಸಿಕೊಳ್ಳಲಿ. ಏಕಾಂತ ಸಿಗದಿದ್ದರೆ ಆ ಭಾಗ ಬಿಟ್ಟು ‘ಏಕಾಂತ ಸಿಗಲಿಲ್ಲ’ ಅಂತ ಗುರುತು ಹಾಕಿ.

---

ಕುಷ್ಟಗಿ_ಕಡೆಯವ:

40 ಹಳ್ಳಿ, ಹಳ್ಳಿಗೆ 10 ಮನೆ, ವೀಕ್ಷಣೆ ಹಾಳೆ, ಹುಟ್ಟಿದ-ಲಗ್ನದ ವರ್ಷ, ಒಂದು ಪ್ರಶ್ನೆಗೆ ದಾಳ. ಹೀಗೆ ಬದಲಿಸ್ತೀವಿ. ಕೊನೇದೊಂದು: ಹೇಳಿದವರಿಗೆ ಮುಂದೆ ತೊಂದರೆ ಆಗದ ಹಾಗೆ ದಾಖಲೆ ಇಡೋದು ಹೇಗೆ?

---

ಬಳ್ಳಾರಿ_ಅಂಕಿಅಂಶ:

ಉತ್ತರದ ನಮೂನೆಯಲ್ಲಿ ಹೆಸರು, ಫೋನ್ ನಂಬರ್ ಬೇಡ, ಮನೆಗೆ ಕೋಡ್ ಮಾತ್ರ. ಕೋಡ್-ಮನೆ ಪಟ್ಟಿ ಬೇರೆ ಪುಸ್ತಕದಲ್ಲಿ, ಒಬ್ಬರ ಕೈಯಲ್ಲಿ. ಪರಿಶೀಲನೆ ಮುಗಿದ ದಿನ ಅದನ್ನು ನಾಶ ಮಾಡಿ. ವರದಿಯಲ್ಲಿ ಹಳ್ಳಿಯ ಹೆಸರು ಹಾಕದೆ ತಾಲ್ಲೂಕು ಮಟ್ಟದ ಅಂಕಿ ಕೊಡಿ. ಹಳ್ಳಿಗೆ 10 ಮನೆ ಅಂದರೆ ಯಾರು ಏನು ಹೇಳಿದರು ಅಂತ ಊರಿನವರು ಲೆಕ್ಕ ಹಾಕಿಬಿಡ್ತಾರೆ. ಯಾವುದಾದರೂ ಹುಡುಗಿಯ ಲಗ್ನ ಈಗ ನಿಶ್ಚಯ ಆಗಿರೋದು ತಿಳಿದರೆ ಏನು ಮಾಡಬೇಕು ಅನ್ನೋದನ್ನು ಸರ್ವೆಗೆ ಹೋಗೋ ಮುಂಚೆಯೇ ಬರೆದಿಟ್ಟುಕೊಳ್ಳಿ. ಯಾರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಸುದ್ದಿ ಕೊಟ್ಟ ಮನೆಯ ಗುರುತು ಹೇಗೆ ಮುಚ್ಚಬೇಕು ಅಂತ. ಮತ್ತೆ ಟ್ಯಾಬ್‌ನ ಲೊಕೇಶನ್ ಆಫ್ ಮಾಡಿ. ಸರ್ವೆ ಆ್ಯಪ್‌ಗಳಲ್ಲಿ ಅದನ್ನು ಚಾಲೂ ಇಟ್ಟಿದ್ದರೆ ಹೆಸರು ಬರೆಯದಿದ್ದರೂ ಮನೆಯ ಬಾಗಿಲ ತನಕ ಗುರುತು ದಾಖಲಾಗುತ್ತೆ.